ಕೊನೆಯ ಸಾಲಿಗೆ ಉಳಿದದ್ದು

ಅಕ್ಕ ತಂಗಿ ಇಬ್ಬರೂ ಇದ್ದದ್ದು ಒಂದೇ ಮನೆಯಲ್ಲಿ, ದುಡಿಯುತ್ತಿದ್ದದ್ದು ಒಂದೇ ಆಸ್ಪತ್ರೆಯಲ್ಲಿ, ಹಿಡಿಯಬೇಕಾದ ಬಸ್ಸೂ ಒಂದೇ. ಆದರೂ ಬೆಳಿಗ್ಗೆ ಅಕ್ಕ ಚಪ್ಪಲಿ ಮೆಟ್ಟಿ ಹೊರಟ ಮೇಲೆ ತಂಗಿ ಒಂದು ಬಸ್ಸು ಬಿಟ್ಟು ಹೊರಡುತ್ತಿದ್ದಳು. ಮೊದಮೊದಲು ಅಕ್ಕ ಯಾಕೆ ಅಂತ ಕೇಳುತ್ತಿದ್ದಳು. ತಂಗಿ ಕೂದಲು ಒಣಗಿಲ್ಲ ಅನ್ನುವಳು, ಚಾರ್ಜರ್ ಸಿಗುತ್ತಿಲ್ಲ ಅನ್ನುವಳು, ಸುಳ್ಳಿಗೇನು ಬರವೇ. ಆಮೇಲೆ ಅಕ್ಕ ಕೇಳುವುದನ್ನೇ ಬಿಟ್ಟಳು. ಒಂದೇ ಹೊಟ್ಟೆಯಲ್ಲಿ ಹುಟ್ಟಿದವರು ಒಂದೇ ಸೀಟಿನಲ್ಲಿ ಕೂರಲಾರದಷ್ಟು ದೊಡ್ಡ ಮನುಷ್ಯರಾಗಿಬಿಟ್ಟರೆ ಯಾರಿಂದ ತಾನೇ ಏನು ಮಾಡಲಿಕ್ಕಾಗುತ್ತದೆ, ಹೇಳಿ.

ಕಾರಣ ದೊಡ್ಡದೇನಲ್ಲ. ತಂಗಿ ಕೂರುತ್ತಿದ್ದದ್ದು ಐದನೆಯ ಮಹಡಿಯ ಕಂಪ್ಯೂಟರ್ ವಿಭಾಗದಲ್ಲಿ, ಗಾಜಿನ ಬಾಗಿಲಿನ ಹಿಂದೆ. ಅಕ್ಕ ನಿಲ್ಲುತ್ತಿದ್ದದ್ದು ನೆಲಮಾಳಿಗೆಯ ಲಾಂಡ್ರಿಯಲ್ಲಿ, ಒಣಗಿಸುವ ಯಂತ್ರದ ಬಾಯಿಯ ಮುಂದೆ. ಅಕ್ಕನಿಗೆ ಮೊದಲು ಸ್ವಂತ ಹೊಲಿಗೆ ಅಂಗಡಿ ಇತ್ತು. ಪಕ್ಕದಲ್ಲಿ ಸಿದ್ಧ ಉಡುಪಿನ ಮಳಿಗೆ ಬಂದ ಮೇಲೆ ಅದು ಮುಚ್ಚಿತು. ಆಗ ಅವಳು ಯಾರಿಗೂ ಹೇಳದೆ ಕೇಳದೆ ಹೋಗಿ ಆಸ್ಪತ್ರೆಯ ಲಾಂಡ್ರಿಗೆ ಅರ್ಜಿ ಹಾಕಿ, ಕೆಲಸ ಗಿಟ್ಟಿಸಿಕೊಂಡು ಬಂದು, ಅಡುಗೆಮನೆಯಲ್ಲಿ ತಂಗಿಯ ಮುಂದೆ ತಟ್ಟೆ ಇಡುತ್ತಾ ಸುದ್ದಿ ಹೇಳಿದಳು. ಅವಳ ಮುಖದಲ್ಲಿ ಸಂತೋಷವಿತ್ತು. ತಂಗಿ ತುತ್ತು ಎತ್ತಿದವಳು ಹಾಗೇ ಕೆಳಗಿಟ್ಟಳು.

"ಅಲ್ಲೇ ಯಾಕಕ್ಕಾ? ಬೇರೆ ಎಲ್ಲೂ ಇರ್ಲಿಲ್ವಾ?"

ಅಷ್ಟೇ ಅಂದದ್ದು. ಬೇರೆಲ್ಲೂ ಇರಲಿಲ್ಲ ಎಂದು ಹೇಳಿ ಅಕ್ಕ ನೀರಿನ ಲೋಟ ತುಂಬಿಸಿದಳು. ಆ ಮಾತು ಅಲ್ಲಿಗೆ ಮುಗಿಯಿತು ಅಂತ ತಂಗಿ ಅಂದುಕೊಂಡಳು. ಕೆಲವು ಮಾತುಗಳು ಆಡಿದವರ ಪಾಲಿಗೆ ಮುಗಿದುಬಿಡುತ್ತವೆ, ಕೇಳಿಸಿಕೊಂಡವರ ಪಾಲಿಗೆ ಮುಗಿಯುವುದೇ ಇಲ್ಲ.

ತಂಗಿಯ ಕೆಲಸ ಏನೆಂದರೆ, ಆಸ್ಪತ್ರೆಯ ಎಲ್ಲ ವಿಭಾಗಗಳಿಗೂ ಬೇಕಾದ ಸ್ಪ್ರೆಡ್‌ಶೀಟ್‌ಗಳನ್ನು ಕೋಡ್ ಬರೆದು ತಯಾರಿಸುವುದು. ಕೈಯಲ್ಲಿ ಒಂದೊಂದೇ ಮಾಡುತ್ತಾ ಕೂತರೆ ಜನ್ಮ ಸಾಲದು. ಅವಳ ಪ್ರೋಗ್ರಾಂ ಒಂದು ಸಲ ಓಡಿದರೆ ರಾಶಿ ಶೀಟ್‌ಗಳು ತಾವಾಗಿ ಹುಟ್ಟುತ್ತಿದ್ದವು, ತಲೆಬರಹ, ಬಣ್ಣ, ಫಿಲ್ಟರ್ ಎಲ್ಲ ಸಮೇತ. ಅದರಲ್ಲಿ ಅವಳದು ಎತ್ತಿದ ಕೈ. ಹಿಂದೊಮ್ಮೆ ಸಿಬ್ಬಂದಿಯಿಂದಲೇ ಮಾಹಿತಿ ಬರೆಸಿದಾಗ ವಿಭಾಗದ ಹೆಸರಿನ ಜಾಗದಲ್ಲಿ ಒಬ್ಬ ಲಾಂಡ್ರಿ ಎಂದಿದ್ದ, ಒಬ್ಬಳು ಬಟ್ಟೆ ಒಗೆಯೋದು ಎಂದಿದ್ದಳು, ಮತ್ತೊಬ್ಬ ಕೆಳಗಡೆ ಎಂದಿದ್ದ, ಇನ್ನೊಬ್ಬ ಮಹಾನುಭಾವ ಗೊತ್ತಿಲ್ಲ ಸಾರ್ ಎಂದು ಬರೆದು ಕೈ ತೊಳೆದುಕೊಂಡಿದ್ದ. ಅದನ್ನೆಲ್ಲ ಒಪ್ಪ ಮಾಡುವಷ್ಟರಲ್ಲಿ ತಂಗಿಯ ತಲೆ ಚಿಟ್ಟು ಹಿಡಿದಿತ್ತು. ಆಗಿನಿಂದ ಅವಳು ಡ್ರಾಪ್‌ಡೌನ್ ಇಲ್ಲದೆ ಯಾರ ಕೈಗೂ ಶೀಟ್ ಕೊಟ್ಟವಳಲ್ಲ. ಪುಟ್ಟ ಬಾಣದ ಗುರುತು ಒತ್ತಿದರೆ ಪಟ್ಟಿ ಬಿಚ್ಚಿಕೊಳ್ಳಬೇಕು, ಅದರಲ್ಲಿ ಇರುವುದನ್ನೇ ಆರಿಸಬೇಕು. ಬೇರೇನಾದರೂ ಟೈಪ್ ಮಾಡಲು ಹೋದರೆ ಶೀಟ್ ಒಪ್ಪಬಾರದು, ಕೆಂಪು ಗುರುತಿನ ಪೆಟ್ಟಿಗೆಯೊಂದು ಎದ್ದು ಬಂದು ಬೈಯಬೇಕು.

ಅವಳ ಮೇಲಧಿಕಾರಿಗೆ ಇದು ಅಚ್ಚುಮೆಚ್ಚು. ಎಲ್ಲ ಸಭೆಯಲ್ಲೂ ತಪ್ಪು ಸೊನ್ನೆ ಇರಬೇಕು, ಸೊನ್ನೆ, ಎಂದು ಬೆರಳಲ್ಲಿ ಗಾಳಿಯಲ್ಲೇ ಸುತ್ತು ಹಾಕಿ ತೋರಿಸುತ್ತಿದ್ದುದರಿಂದ ಆ ಮನುಷ್ಯನಿಗೆ ಸೊನ್ನೆ ಸಾಹೇಬರು ಎಂಬ ಹೆಸರೇ ಬಿದ್ದಿತ್ತು. ಕೆಟ್ಟವರೇನಲ್ಲ. ಆದರೆ ತಮ್ಮ ಕುರ್ಚಿಯ ಕಾಲು ಅಲ್ಲಾಡದಂತೆ ನೋಡಿಕೊಳ್ಳುವುದರಲ್ಲಿ ಅವರಷ್ಟು ಎಚ್ಚರದವರು ಇನ್ನೊಬ್ಬರಿರಲಿಲ್ಲ.

ಹೀಗಿರುವಾಗ ಆಸ್ಪತ್ರೆ ದೊಡ್ಡ ಸಂಸ್ಥೆಯೊಂದರ ಕೈಗೆ ಹೋಯಿತು. ಹೊಸ ಯಜಮಾನರು ಬಂದರೆ ಸುಮ್ಮನೆ ಕೂರುತ್ತಾರೆಯೇ? ಎಲ್ಲ ಕೆಲಸಗಳನ್ನೂ ಹೊಸದಾಗಿ ಹಂಚುತ್ತೇವೆ, ಯಾರಿಗೂ ಬಲವಂತವಿಲ್ಲ, ಅವರವರಿಗೆ ಏನು ಬೇಕೋ ಅವರೇ ಆರಿಸಲಿ ಎಂದು ಸಾರಿದರು. ಸಿಬ್ಬಂದಿ ಕಚೇರಿಯಿಂದ ಎಂಟು ಆಯ್ಕೆಗಳ ಪಟ್ಟಿ ಬಂತು. ಮೊದಲನೆಯದು, ಈಗಿರುವ ಕೆಲಸದಲ್ಲೇ ಮುಂದುವರಿಯುತ್ತೇನೆ. ನಡುವೆ ಪಾಳಿ ಬದಲಾವಣೆ, ಹೊಸ ಕಟ್ಟಡ, ಅರ್ಧ ದಿನದ ಕೆಲಸ, ಹೀಗೆ ಏನೇನೋ. ಏಳನೆಯದು, ಎಲ್ಲಿಗೆ ಕಳಿಸಿದರೂ ಹೋಗುತ್ತೇನೆ. ಕಟ್ಟಕಡೆಯದು, ಸ್ವಂತ ಇಚ್ಛೆಯಿಂದ ಕೆಲಸ ಬಿಡುತ್ತೇನೆ.

ತಂಗಿ ಕೋಡ್ ಬರೆದಳು. ಸಿಬ್ಬಂದಿಯನ್ನು ಸಣ್ಣ ಸಣ್ಣ ಗುಂಪು ಮಾಡಿ, ಗುಂಪಿಗೊಂದು ಶೀಟ್. ಒಬ್ಬೊಬ್ಬರಿಗೂ ಒಂದೊಂದು ಸಾಲು. ಹಳಬರು ಮೇಲೆ, ಹೊಸಬರು ಕೆಳಗೆ. ಹೆಸರಿನ ಪಕ್ಕದ ಚೌಕದ ಮನೆಯಲ್ಲಿ ಡ್ರಾಪ್‌ಡೌನ್. ಬೈಯುವ ಪೆಟ್ಟಿಗೆಯ ಮಾತನ್ನೂ ಅವಳೇ ಬರೆದಳು: ಪಟ್ಟಿಯಲ್ಲಿ ಇರುವುದನ್ನು ಮಾತ್ರ ಆರಿಸಿ. ಪ್ರೋಗ್ರಾಂ ಓಡಿಸಿ, ಶೀಟ್‌ಗಳನ್ನು ತೆರೆದು, ಪ್ರತಿಯೊಂದರಲ್ಲೂ ಮೊದಲ ಸಾಲಿನ ಬಾಣ ಒತ್ತಿ ನೋಡಿದಳು. ಎಂಟೂ ಆಯ್ಕೆ ಮುದ್ದಾಗಿ ಇಳಿದು ನಿಂತವು. ಲಾಂಡ್ರಿಯ ಶೀಟನ್ನೂ ತೆರೆದಳು. ಅದರ ಕೊನೆಯ ಸಾಲಿನಲ್ಲಿ ಅಕ್ಕನ ಹೆಸರಿತ್ತು. ಅದನ್ನು ನೋಡಿದಳು, ನೋಡದವಳ ಹಾಗೆ ಮುಚ್ಚಿದಳು. ಪಕ್ಕದ ಮೇಜಿನವಳು ಬಗ್ಗಿ ನೋಡುತ್ತಿದ್ದಳು, ಆ ಹೆಸರು ಯಾರದು ಅಂತ ಕೇಳಿಬಿಟ್ಟರೆ? ಮೊದಲ ಸಾಲು ಸರಿ ಇದ್ದರೆ ಕೊನೆಯದೂ ಸರಿ ಇರುತ್ತದೆ ಎಂದುಕೊಂಡು ಕಳಿಸಿಬಿಟ್ಟಳು.

ಆ ವಾರವೆಲ್ಲ ಪ್ರತಿ ಗುಂಪಿನವರನ್ನೂ ಒಬ್ಬೊಬ್ಬರನ್ನಾಗಿ ಕರೆದು ಕಂಪ್ಯೂಟರ್ ಮುಂದೆ ಕೂರಿಸಿದರು. ನಿನ್ನ ಸಾಲು ಇದು, ಬಾಣ ಒತ್ತು, ಆರಿಸು, ಏಳು. ಹಿಂದೆ ಸರತಿ ನಿಂತಿತ್ತು, ಕೆಲಸ ಕಾಯುತ್ತಿತ್ತು. ಎಲ್ಲ ಮುಗಿದು ಶೀಟ್‌ಗಳು ತಿರುಗಿ ಬಂದಾಗ ಒಂದೇ ಒಂದು ಮನೆ ಖಾಲಿ ಇರಲಿಲ್ಲ, ಒಂದೇ ಒಂದು ತಪ್ಪು ಪದ ಇರಲಿಲ್ಲ. ಸೊನ್ನೆ ಸಾಹೇಬರು ಸಭೆಯಲ್ಲಿ ಎದ್ದು ನಿಂತು ತಂಗಿಯ ಬೆನ್ನು ತಟ್ಟಿದರು. ಹೊಸ ಯಜಮಾನರಿಗೆ ಇನ್ನೊಂದು ಖುಷಿ. ಕೆಲಸ ಬಿಡುತ್ತೇವೆ ಎಂದವರು ಅವರು ನೆನೆಸಿದ್ದಕ್ಕಿಂತ ಹೆಚ್ಚಿದ್ದರು. ಕೈ ಕೆಸರಾಗದೆ ಜನ ಕಡಿಮೆಯಾದರೆ ಯಾವ ಯಜಮಾನನಿಗೆ ಬೇಡ?

ಅವರವರ ಆಯ್ಕೆಯ ಪತ್ರಗಳಿಗೆ ಸಹಿ ಬಿದ್ದ ಮೇಲೆ, ಬಿಡುವವರ ಹೆಸರುಗಳನ್ನು ಒಟ್ಟು ಮಾಡಿ ಕೊಡಿ ಎಂದು ತಂಗಿಗೆ ಹೇಳಿದರು. ಅದೇನು ಮಹಾ ಕೆಲಸ. ಎಲ್ಲ ಶೀಟ್‌ಗಳನ್ನೂ ಒಂದಾಗಿ ಜೋಡಿಸಿ, ಕಡೆಯ ಆಯ್ಕೆಯ ಮೇಲೆ ಫಿಲ್ಟರ್ ಹಾಕಿದಳು. ಉಳಿದ ಸಾಲುಗಳೆಲ್ಲ ಮರೆಯಾಗಿ ಕೆಲವು ಮಾತ್ರ ನಿಂತವು. ಅವುಗಳಲ್ಲಿ ಒಂದು ಅಕ್ಕನ ಹೆಸರು.

ನಿನ್ನೆ ಸಂಜೆಯೂ ಅಕ್ಕ ಎಂದಿನಂತೆ ಅಡುಗೆ ಮಾಡಿದ್ದಳು, ಒಣಗಿದ ಬಟ್ಟೆ ಮಡಚಿ ತಂಗಿಯ ಮಂಚದ ಮೇಲೆ ಇಟ್ಟಿದ್ದಳು, ತುಟಿ ಪಿಟಕ್ಕೆಂದಿರಲಿಲ್ಲ. ಮೊದಲು ತಂಗಿಗೆ ಸಿಟ್ಟೇ ಬಂತು. ಕೆಲಸ ಬಿಡುವವಳು ಮನೆಯಲ್ಲಿ ಒಂದು ಮಾತು ಹೇಳಬಾರದೇ? ನಾನೇನು ಸತ್ತು ಹೋಗಿದ್ದೆನೇ? ಆಮೇಲೆ ಫಿಲ್ಟರ್ ಆದ ಸಾಲುಗಳ ಅಂಚಿನಲ್ಲಿದ್ದ ಗುಂಪಿನೊಳಗಿನ ಕ್ರಮಸಂಖ್ಯೆಗಳ ಮೇಲೆ ಅವಳ ಕಣ್ಣು ಬಿತ್ತು. ಗುಂಪು ಬೇರೆ ಬೇರೆ, ಆದರೆ ಎಲ್ಲರೂ ತಮ್ಮ ತಮ್ಮ ಗುಂಪಿನಲ್ಲಿ ಎಂಟನೆಯವರು. ಒಬ್ಬರೂ ಬಿಡದಂತೆ ಎಂಟನೆಯವರು.

ಅವಳು ಲಾಂಡ್ರಿಯ ಶೀಟ್ ತೆರೆದು ಎರಡನೆಯ ಸಾಲಿನ ಬಾಣ ಒತ್ತಿದಳು. ಏಳು ಆಯ್ಕೆ. ಈಗಿರುವ ಕೆಲಸದಲ್ಲೇ ಮುಂದುವರಿಯುತ್ತೇನೆ ಎಂಬುದು ಮಾಯವಾಗಿತ್ತು. ಮೂರನೆಯದರಲ್ಲಿ ಆರು. ಒಂದೊಂದು ಸಾಲು ಇಳಿದ ಹಾಗೆ ಪಟ್ಟಿ ಮೇಲಿನಿಂದ ಒಂದೊಂದೇ ಕಳಚಿಕೊಳ್ಳುತ್ತಾ ಬಂದು, ಅಕ್ಕನ ಸಾಲಿಗೆ ಮುಟ್ಟುವಾಗ ಉಳಿದದ್ದು ಒಂದೇ: ಸ್ವಂತ ಇಚ್ಛೆಯಿಂದ ಕೆಲಸ ಬಿಡುತ್ತೇನೆ. ಅದರ ಕೆಳಗೆ ಬರೀ ಖಾಲಿ ಜಾಗ.

ತಪ್ಪು ಎಲ್ಲಿದೆ ಎಂದು ಹುಡುಕಲೂ ಬೇಕಾಗಲಿಲ್ಲ. ಆಯ್ಕೆಗಳು ಇರುವ ಜಾಗವನ್ನು ಕೋಡ್‌ನಲ್ಲಿ ಹೇಳುವಾಗ ಅದು ಅಲ್ಲಾಡದಂತೆ ಬೀಗ ಹಾಕಬೇಕು. ಇಲ್ಲದಿದ್ದರೆ ಸಾಲು ಒಂದು ಕೆಳಗಿಳಿದಾಗ ಪಟ್ಟಿಯೂ ಒಂದು ಕೆಳಗೆ ಜಾರುತ್ತದೆ. ಈ ಕೆಲಸ ಕಲಿಯುವವರು ಮೊದಲ ದಿನ ಮಾಡುವ ತಪ್ಪು. ಮೊದಲ ಸಾಲಿನಲ್ಲಿ ಅದು ಯಾವತ್ತೂ ಕಾಣಿಸುವುದಿಲ್ಲ. ಯಾವುದಾದರೂ ಗುಂಪಿನಲ್ಲಿ ಒಂಬತ್ತನೆಯವನಿದ್ದಿದ್ದರೆ ಅವನಿಗೆ ಬರೀ ಖಾಲಿ ಪಟ್ಟಿ ಕಂಡು, ಅವನು ಬೊಬ್ಬೆ ಹೊಡೆದು, ಅವತ್ತೇ ಎಲ್ಲ ಬಯಲಾಗುತ್ತಿತ್ತು. ಗುಂಪಿಗೆ ಎಂಟು ಜನ ಮೀರಬಾರದು ಎಂದು ಅಚ್ಚುಕಟ್ಟಾಗಿ ಒಡೆದವಳೂ ಇವಳೇ ಅಲ್ಲವೇ.

ತಂಗಿ ನೆಲಮಾಳಿಗೆಗೆ ಇಳಿದಳು. ಅಕ್ಕ ಕೆಲಸಕ್ಕೆ ಸೇರಿದ ಮೇಲೆ ಅವಳು ಅಲ್ಲಿಗೆ ಬಂದದ್ದು ಅದೇ ಮೊದಲು. ಬಿಸಿ ಹಬೆ ಮುಖಕ್ಕೆ ರಾಚಿತು. ಅಕ್ಕ ವಾರ್ಡ್‌ಗಳಿಗೆ ಹಾಸಿಗೆ ಬಟ್ಟೆ ತಲುಪಿಸಲು ಹೋಗಿದ್ದಳು. ಲಾಂಡ್ರಿಯ ಮೇಲ್ವಿಚಾರಕಿ, ಗಂಟಲು ಜೋರಿನ ಗಟ್ಟಿ ಹೆಂಗಸು, ಇವಳನ್ನು ಮೇಲಿಂದ ಕೆಳಗೆ ನೋಡಿ, ಓ, ನೀವೇ ಅಲ್ವಾ ತಂಗಿ, ಎಂದಳು. ಅಲ್ಲಿ ಎಲ್ಲರಿಗೂ ಗೊತ್ತಿತ್ತು. ಮುಚ್ಚಿಡುವ ಗೋಜೆಲ್ಲ ಮೇಲಿನ ಮಹಡಿಯಲ್ಲಿ ಮಾತ್ರ.

ಆ ದಿನ ಏನಾಯಿತು ಎಂದು ಕೇಳಿದ್ದಕ್ಕೆ ಮೇಲ್ವಿಚಾರಕಿ ಕೈಯಲ್ಲಿದ್ದ ದಿಂಬಿನ ಚೀಲ ಕೊಡವುತ್ತಲೇ ಹೇಳಿದಳು. ಏಳನೆಯವಳು ಎಲ್ಲಿಗೆ ಕಳಿಸಿದರೂ ಹೋಗುತ್ತೇನೆ ಅನ್ನುವುದನ್ನು ಒತ್ತಿ ಅಳುತ್ತಾ ಎದ್ದಳಂತೆ. ಯಾಕೆ ಆರಿಸಿದೆ ಎಂದು ಯಾರೂ ಕೇಳಲಿಲ್ಲ. ಅವರವರ ಹಣೆಬರಹ, ಅವರವರ ಪಟ್ಟಿ, ಮೇಲಿನವರು ಲೆಕ್ಕ ಹಾಕಿಯೇ ಕಳಿಸಿದ್ದಾರೆ ಎಂದುಕೊಂಡರು. ಆಮೇಲೆ ಅಕ್ಕ ಕೂತಳು. ಬಾಣ ಒತ್ತಿದಳು. ಆಮೇಲೆ ಒಂದೊಂದೇ ಅಕ್ಷರ ಹುಡುಕಿ ಇಲ್ಲೇ ಇರ್ತೀನಿ ಎಂದು ಟೈಪ್ ಮಾಡಿದಳು.

"ಆವಾಗ ಒಂದು ಕೆಂಪು ಪೆಟ್ಟಿಗೆ ಬಂತು ನೋಡಿ," ಅಂದಳು ಮೇಲ್ವಿಚಾರಕಿ. "ಪಟ್ಟಿಯಲ್ಲಿ ಇರೋದನ್ನ ಮಾತ್ರ ಆರಿಸಿ ಅಂತ. ಅದನ್ನ ಓದಿ, ಇದು ನಮ್ಮ ತಂಗಿ ಮಾಡಿದ್ದು ಅಂದ್ಳು. ಆಮೇಲೆ ಒತ್ತಿ ಎದ್ದು ಹೋದ್ಳು."

ತಂಗಿ ಮೆಟ್ಟಿಲು ಹತ್ತಿದಳು. ನೇರ ಸೊನ್ನೆ ಸಾಹೇಬರ ಕೋಣೆಗೆ ನುಗ್ಗಿ ಎಲ್ಲವನ್ನೂ ಹೇಳಿದಳು. ಸಾಹೇಬರು ದಡ್ಡರಲ್ಲ, ಅರ್ಧ ಕೇಳುವಷ್ಟರಲ್ಲೇ ಅರ್ಥ ಮಾಡಿಕೊಂಡರು. ಅರ್ಥವಾದದ್ದೇ ಎದ್ದು ಹೋಗಿ ಬಾಗಿಲು ಹಾಕಿಕೊಂಡು ಬಂದರು. ಶೀಟ್ ಯಾವುದನ್ನೂ ತಪ್ಪಾಗಿ ಒಪ್ಪಿಕೊಂಡಿಲ್ಲವಲ್ಲ, ಒತ್ತಿದ್ದು ಅವರದೇ ಬೆರಳಲ್ಲವೇ, ಸಹಿ ಆಗಿಹೋಗಿದೆಯಲ್ಲ ಎಂದು ಒಂದೊಂದೇ ಪೋಣಿಸಿದರು. ತಂಗಿ ಬಿಡಲಿಲ್ಲ. ಒಂದೇ ಇರುವ ಪಟ್ಟಿಯಿಂದ ಆರಿಸುವುದನ್ನು ಆಯ್ಕೆ ಎಂದು ಕರೆಯುತ್ತಾರೆಯೇ ಎಂದು ಕೇಳಿದಳು. ಅವಳ ದನಿ ನಡುಗಿದ್ದನ್ನು ಸಾಹೇಬರು ಗಮನಿಸಿದರು.

"ಅದ್ರಲ್ಲಿ ನಿಮ್ಮವರು ಯಾರಾದ್ರೂ ಇದ್ದಾರಾ?"

ಇಷ್ಟು ವರ್ಷ ಆ ಕಟ್ಟಡದಲ್ಲಿ ಆಡದ ಮಾತನ್ನು ತಂಗಿ ಅವತ್ತು ಆಡಿದಳು.

"ಲಾಂಡ್ರಿಯಲ್ಲಿರೋದು ನಮ್ಮಕ್ಕ. ಒಡಹುಟ್ಟಿದ ಅಕ್ಕ."

ಆಡಿದ ಮೇಲೆ ಎದೆ ಹಗುರಾಗುತ್ತದೆ ಎಂದು ಅವಳು ಎಣಿಸಿದ್ದಳೇನೋ. ಸಾಹೇಬರ ಮುಖ ಮಾತ್ರ ನಿರಾಳವಾಯಿತು, ಕೈಗೆ ಹಿಡಿ ಸಿಕ್ಕಿದವರ ಹಾಗೆ. ಹಾಗಾದರೆ ಈ ವಿಷಯ ಎತ್ತುವುದೇ ಬೇಡ ಎಂದರು. ಅಕ್ಕನ ಕೆಲಸ ಉಳಿಸಲಿಕ್ಕೆ ತಂಗಿ ಶೀಟ್ ತಿದ್ದಲು ಹೊರಟಿದ್ದಾಳೆ ಎಂದು ನಾಳೆ ಎಲ್ಲರೂ ಆಡಿಕೊಳ್ಳುತ್ತಾರೆ, ಮೊದಲೇ ಯಾಕೆ ಹೇಳಲಿಲ್ಲ ಎಂದು ಕೇಳುತ್ತಾರೆ, ಆಗ ಏನು ಹೇಳುತ್ತೀರಿ? ಉತ್ತರ ತಂಗಿಯ ಹತ್ತಿರ ಇತ್ತು, ಆದರೆ ಬಾಯಿಬಿಟ್ಟು ಹೇಳುವಂಥದ್ದಾಗಿರಲಿಲ್ಲ.

ಆದರೂ ಅವಳು ಸುಮ್ಮನಾಗಲಿಲ್ಲ, ಇಷ್ಟನ್ನು ಅವಳ ಪರವಾಗಿ ಹೇಳಲೇಬೇಕು. ಸಾಹೇಬರನ್ನು ದಾಟಿ ಸಿಬ್ಬಂದಿ ಕಚೇರಿಗೇ ಬರೆದಳು. ತಪ್ಪು ನನ್ನದು, ಕೋಡ್ ನನ್ನದು, ಕೆಳಗಿನ ಸಾಲಿನವರಿಗೆ ಇನ್ನೊಮ್ಮೆ ಆರಿಸಲು ಬಿಡಿ ಎಂದು ಬಿಡಿಸಿ ಬಿಡಿಸಿ ಬರೆದಳು. ಸಿಬ್ಬಂದಿ ಕಚೇರಿಯವರು ತಿಪ್ಪೆ ಸಾರಿಸುವುದರಲ್ಲಿ ಪಳಗಿದವರು. ಸಂಸ್ಥೆಯ ಕಡೆಯಿಂದ ತಪ್ಪಾಗಿದೆ ಎಂದು ಒಪ್ಪಲು ಬರುವುದಿಲ್ಲ, ಆದರೆ ಯಾರಾದರೂ ಗಮನವಿಲ್ಲದೆ ತಪ್ಪು ಆಯ್ಕೆ ಮಾಡಿದ್ದೇನೆ, ಮನ್ನಿಸಿ ಎಂದು ತಾವೇ ಬರೆದುಕೊಟ್ಟರೆ ಪರಿಶೀಲಿಸುತ್ತೇವೆ ಎಂದು ಉತ್ತರ ಬಂತು. ಅದಕ್ಕೂ ಒಂದು ಶೀಟ್ ಬೇಕಂತೆ. ಕಾರಣದ ಮನೆಯಲ್ಲಿ ಡ್ರಾಪ್‌ಡೌನ್, ಅದರಲ್ಲಿ ಒಂದೇ ಆಯ್ಕೆ: ನನ್ನ ಗಮನದ ಕೊರತೆಯಿಂದ. ಅದನ್ನು ಮಾಡಿಕೊಡುವಂತೆ ತಂಗಿಗೇ ಹೇಳಿದರು. ಮಾಡಿದಳು. ಈ ಸಲ ಪಟ್ಟಿಗೆ ಬೀಗ ಹಾಕಿ, ಕಟ್ಟಕಡೆಯ ಸಾಲಿನ ತನಕ ಒಂದೊಂದೇ ಬಾಣ ಒತ್ತಿ ನೋಡಿದಳು. ಎಲ್ಲ ಸಾಲಿನಲ್ಲೂ ಅದೇ ಒಂದು ಮಾತು ನೆಟ್ಟಗೆ ನಿಂತಿತ್ತು.

ಉಳಿದವರೆಲ್ಲ ಬಂದು ಒತ್ತಿದರು. ಹೊಟ್ಟೆಪಾಡು, ಮಾನ ನೋಡುತ್ತಾ ಕೂರಲಾಗುತ್ತದೆಯೇ? ಅಕ್ಕ ಮಾತ್ರ ಬರಲಿಲ್ಲ.

ಗಡುವಿಗೆ ಒಂದೇ ದಿನ ಉಳಿದಿದ್ದ ಸಂಜೆ ತಂಗಿ ಬೇಗ ಮನೆಗೆ ಬಂದಳು. ಅಕ್ಕ ಹಳೆಯ ಹೊಲಿಗೆ ಯಂತ್ರವನ್ನು ಕಿಟಕಿಯ ಹತ್ತಿರ ಎಳೆದುಕೊಂಡು ಗಾಲಿಗೆ ಎಣ್ಣೆ ಬಿಡುತ್ತಿದ್ದಳು. ತಂಗಿ ಪಕ್ಕದಲ್ಲಿ ನೆಲದ ಮೇಲೆ ಕೂತು, ಪಟ್ಟಿ ಹೇಗೆ ಜಾರಿತು, ಯಾಕೆ ಒಂದೇ ಉಳಿಯಿತು ಎಂದು ಬೆರಳಲ್ಲಿ ನೆಲದ ಮೇಲೆ ಗೆರೆ ಎಳೆದು ತೋರಿಸಿದಳು. ನಿನಗೊಬ್ಬಳಿಗೇ ಆದದ್ದಲ್ಲ, ಎಲ್ಲ ಗುಂಪಿನ ಕೊನೆಯವರಿಗೂ ಹೀಗೇ ಆಗಿದೆ ಎಂದಳು. ನಾಳೆ ಕಡೆಯ ದಿನ, ಬಂದು ಒಮ್ಮೆ ಒತ್ತಿಬಿಡು, ನಿನ್ನ ಕಾಲಿಗೆ ಬೀಳುತ್ತೇನೆ ಎಂದಳು. ಅಕ್ಕ ಕೊನೆಯ ತನಕ ಕೇಳಿಸಿಕೊಂಡಳು. ಸಿಟ್ಟು ಮಾಡಿಕೊಂಡಿದ್ದರೆ ಚೆನ್ನಾಗಿತ್ತು.

"ಗಮನ ಇಟ್ಟೇ ಒತ್ತಿದ್ದೆ ಕಣೇ ನಾನು. ಗಮನ ಇರ್ಲಿಲ್ಲ ಅಂತ ಹೇಗೆ ಬರ್ಕೊಡ್ಲಿ?"

"ನನಗೋಸ್ಕರ ಅಕ್ಕಾ. ಅದು ನನ್ನ ತಪ್ಪು. ಬೇಕು ಅಂತ ಮಾಡಿದ್ದಲ್ಲ, ನನ್ನ ನಂಬು."

"ನಂಬ್ತೀನಿ," ಅಂದಳು ಅಕ್ಕ. ಎಣ್ಣೆಯ ಕೈಯನ್ನು ಚಿಂದಿಗೆ ಒರೆಸಿಕೊಂಡಳು. "ಬೇಕು ಅಂತ ಮಾಡಿಲ್ಲ ನೀನು, ಒಪ್ಕೊಂಡೆ. ಆದ್ರೆ ಆ ಒಂದೇ ಸಾಲು ನೋಡಿದಾಗ ನನಗೆ ಆಶ್ಚರ್ಯನೇ ಆಗ್ಲಿಲ್ಲ ನೋಡು. ಕೊನೆಗೂ ಬಾಯಿಬಿಟ್ಟು ಹೇಳಿದ್ಳಲ್ಲ ಅನ್ನಿಸ್ತು. ಅದನ್ನ ಎಲ್ಲಿ ಹೋಗಿ ತಿದ್ದುತ್ತೀಯ?"

ತಂಗಿ ಬಾಯಿ ತೆರೆದಳು. ಅಲ್ಲಕ್ಕಾ ಎನ್ನಬೇಕಿತ್ತು. ಒಣಗದ ಕೂದಲು, ಸಿಗದ ಚಾರ್ಜರ್, ಕ್ಯಾಂಟೀನಿನಲ್ಲಿ ಎದುರಾದಾಗ ಫೋನಿನೊಳಗೆ ಹುಗಿದುಕೊಂಡ ಮುಖ, ಎಲ್ಲ ಒಟ್ಟಿಗೆ ನೆನಪಾಗಿ ಅಡ್ಡ ನಿಂತವು. ಅವಳು ಅತ್ತಳು. ಅಕ್ಕ ಎದ್ದು ಹೋಗಿ ಒಲೆಯ ಮೇಲಿದ್ದ ಹಾಲನ್ನು ಉಕ್ಕುವ ಮೊದಲು ಇಳಿಸಿದಳು.

ಕಡೆಯ ದಿನ ಬಂತು, ಹೋಯಿತು. ಉಳಿದವರ ಅರ್ಜಿಗಳು ಮಂಜೂರಾದವು. ಎಲ್ಲರಿಗೂ ಅವರವರ ಕೆಲಸ ತಿರುಗಿ ಸಿಕ್ಕಿತು. ಸಂಸ್ಥೆಯ ಲೆಕ್ಕದಲ್ಲಿ ಇಡೀ ಆಸ್ಪತ್ರೆಯಲ್ಲಿ ಸ್ವಂತ ಇಚ್ಛೆಯಿಂದ ಕೆಲಸ ಬಿಟ್ಟವಳು ಒಬ್ಬಳೇ. ಸೊನ್ನೆ ಸಾಹೇಬರು ತಂಗಿಯನ್ನು ಕರೆದು, ಒಂದು ಅಂದರೆ ಹೆಚ್ಚುಕಡಿಮೆ ಸೊನ್ನೆಯೇ ಅಲ್ಲವೇ ಎಂದು ಸಮಾಧಾನ ಹೇಳಿದರು. ಆ ಮನುಷ್ಯನ ಬಾಯಿಗೆ ಒಂದು ಬಿಡೋಣ ಅನ್ನಿಸಿತು ಅವಳಿಗೆ. ಬಿಡಲಿಲ್ಲ. ಹೂಂ ಸಾರ್ ಎಂದು ಬಂದು ಕೂತಳು.

ಮರುದಿನ ಬೆಳಿಗ್ಗೆ ಅಕ್ಕ ಕಿಟಕಿಯ ಹತ್ತಿರ ಕೂತು ಸೂಜಿಗೆ ದಾರ ಪೋಣಿಸುತ್ತಿದ್ದಳು. ತಂಗಿಯ ಕೂದಲು ಒಣಗಿತ್ತು, ಚಾರ್ಜರ್ ಚೀಲದಲ್ಲೇ ಇತ್ತು. ಹೋಗಿ ಬರುತ್ತೇನೆ ಎಂದಳು, ಅಕ್ಕ ಹೂಂ ಎಂದಳು. ಬೀದಿಯ ತುದಿಯಲ್ಲಿ ಬಸ್ಸು ಬಂದು ನಿಂತು, ಬಾಗಿಲು ತೆರೆದುಕೊಂಡಿತು. ತಂಗಿ ಹತ್ತಲಿಲ್ಲ. ಹಾಳು ಅಭ್ಯಾಸ, ಕಾಲು ತಾನಾಗಿ ಹಿಂದೆ ಸರಿಯಿತು. ಬಾಗಿಲು ಮುಚ್ಚಿ ಬಸ್ಸು ಹೊರಟ ಮೇಲೆಯೇ ಅವಳಿಗೆ ನೆನಪಾದದ್ದು, ಅದರಲ್ಲಿ ಅಕ್ಕ ಇರಲಿಲ್ಲ ಅಂತ.